ಒಂದೇ ಯುನಿಕ್ಸ್ ಸರ್ವರ್‌ನಲ್ಲಿ ಅನೇಕ ಜಾಲತಾಣಗಳು: ಅರ್ಜಿದಾರರಿಗೆ ಮಾಹಿತಿ

ಪ್ರತಿಯೊಂದು ಜಾಲತಾಣಕ್ಕೂ ಪ್ರತ್ಯೇಕ ಗಣಕಯಂತ್ರದ ಅವಶ್ಯಕತೆ ಇರುವುದಿಲ್ಲ. ಒಂದೇ ಯುನಿಕ್ಸ್ ಸರ್ವರ್‌ನಲ್ಲಿ ನೂರಾರು ತಾಣಗಳನ್ನು ನೆಲೆಗೊಳಿಸುವ ವ್ಯವಸ್ಥೆಗೆ ವರ್ಚುವಲ್ ಹೋಸ್ಟಿಂಗ್ ಎಂದು ಹೆಸರು. ಇದರಿಂದ ವೆಚ್ಚ ಕಡಿಮೆಯಾಗುತ್ತದೆ. ಆದರೆ ಒಂದು ತಾಣದ ಮೇಲೆ ಬೀಳುವ ಒತ್ತಡವು ಉಳಿದ ತಾಣಗಳನ್ನೂ ಬಾಧಿಸುತ್ತದೆ. ಒಂದು ತಾಣದಲ್ಲಿ ಪರೀಕ್ಷಾ ಫಲಿತಾಂಶ ಪ್ರಕಟವಾದ ದಿನವೇ ಅದೇ ಸರ್ವರ್‌ನ ಇನ್ನೊಂದು ತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವಾಗಿದ್ದಲ್ಲಿ, ಸರ್ವರ್ ಸ್ಥಗಿತಗೊಂಡರೆ ಅರ್ಹ ಅರ್ಜಿದಾರರು ಅವಕಾಶದಿಂದ ವಂಚಿತರಾಗುತ್ತಾರೆ. ಆದುದರಿಂದ ಜಾಲತಾಣಕ್ಕೆ ಸ್ಥಳಾವಕಾಶ ಕೋರುವವರು ಹಾಗೂ ಸರ್ವರ್ ನಿರ್ವಹಿಸುವವರು ತಿಳಿದಿರಬೇಕಾದ ಅಂಶಗಳನ್ನು, ಅಪಾಚೆ ತಂತ್ರಾಂಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ನೀಡಲಾಗಿದೆ.

1. ತಾಣವನ್ನು ಗುರುತಿಸುವ ಬಗೆ

1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿಯಂತೆ ಬ್ರೌಸರ್ ತನ್ನ ಪ್ರತಿಯೊಂದು ಕೋರಿಕೆಯಲ್ಲಿಯೂ ತಾಣದ ಹೆಸರನ್ನು ಕಳುಹಿಸಬೇಕು. ಈ ಹೆಸರಿನ ಆಧಾರದ ಮೇಲೆ ಸರ್ವರ್ ಸೂಕ್ತ ತಾಣವನ್ನು ಆರಿಸುತ್ತದೆ. ಹೀಗಾಗಿ ಒಂದೇ ಐಪಿ ವಿಳಾಸವನ್ನು ಅನೇಕ ತಾಣಗಳು ಹಂಚಿಕೊಳ್ಳಬಹುದು. ಕೋರಿದ ಹೆಸರು ಸಂರಚನಾ ಕಡತದಲ್ಲಿ ಇಲ್ಲದಿದ್ದಲ್ಲಿ, ಪಟ್ಟಿಯಲ್ಲಿ ಮೊದಲು ಬರುವ ತಾಣವನ್ನೇ ಅಪಾಚೆ ತೋರಿಸುತ್ತದೆ. ನಾಗರಿಕರಿಗೆ ಕೆಲವೊಮ್ಮೆ ಬೇರೊಂದು ಕಚೇರಿಯ ಪುಟ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಇದನ್ನು ತಪ್ಪಿಸಲು ಮುಖ್ಯ ಹೆಸರಿನೊಂದಿಗೆ ಎಲ್ಲ ಪರ್ಯಾಯ ಹೆಸರುಗಳನ್ನೂ ‘ಸರ್ವರ್‌ಅಲಿಯಾಸ್’ ಸೂಚನೆಯಲ್ಲಿ ನಮೂದಿಸತಕ್ಕದ್ದು.

ಸುರಕ್ಷಿತ ಸಂಪರ್ಕದಲ್ಲಿ, ಈ ಕೋರಿಕೆ ತಲುಪುವ ಮೊದಲೇ ಸರ್ವರ್ ತನ್ನ ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ಆದುದರಿಂದ ಹಿಂದೆ ಇಂತಹ ಪ್ರತಿ ತಾಣಕ್ಕೂ ಸಾಮಾನ್ಯವಾಗಿ ಪ್ರತ್ಯೇಕ ಐಪಿ ವಿಳಾಸ ಬೇಕಾಗುತ್ತಿತ್ತು. ಸಂಪರ್ಕದ ಆರಂಭದಲ್ಲಿಯೇ ಹೆಸರನ್ನು ತಿಳಿಸುವ ಎಸ್‌ಎನ್‌ಐ ವಿಧಾನವು 2003ರಲ್ಲಿ ನಿಯಮಾವಳಿಯಲ್ಲಿ ಸೇರ್ಪಡೆಯಾಯಿತು. ಅಪಾಚೆ 2009ರಲ್ಲಿ ಇದನ್ನು ಅಳವಡಿಸಿಕೊಂಡಿತು.

2. ಮೆಮೊರಿಯ ಲೆಕ್ಕಾಚಾರ

ಸರ್ವರ್‌ನ ಮೆಮೊರಿ ಮುಗಿದಾಗ ಯುನಿಕ್ಸ್ ವ್ಯವಸ್ಥೆಯು ಡಿಸ್ಕನ್ನು ಮೆಮೊರಿಯಂತೆ ಬಳಸಲಾರಂಭಿಸುತ್ತದೆ. ಡಿಸ್ಕ್ ಅತಿ ನಿಧಾನವಾದುದರಿಂದ ಎಲ್ಲ ತಾಣಗಳೂ ಏಕಕಾಲಕ್ಕೆ ಕುಂಠಿತಗೊಳ್ಳುತ್ತವೆ. ಉದಾಹರಣೆಗೆ, 4096 ಮೆಗಾಬೈಟ್ ಮೆಮೊರಿಯ ಸರ್ವರ್‌ನಲ್ಲಿ 1024 ಮೆಗಾಬೈಟ್‌ಗಳನ್ನು ಕಾರ್ಯಾಚರಣಾ ವ್ಯವಸ್ಥೆಗೂ ದತ್ತಸಂಚಯಕ್ಕೂ ಮೀಸಲಿಡಲಾಗಿದೆ ಎಂದುಕೊಳ್ಳೋಣ. ಉಳಿಯುವುದು 3072. ಅಪಾಚೆಯ ಪ್ರತಿ ಪ್ರೊಸೆಸ್ 24 ಮೆಗಾಬೈಟ್ ಬಳಸಿದಲ್ಲಿ 128 ಪ್ರೊಸೆಸ್‌ಗಳಿಗೆ ಮಾತ್ರ ಸ್ಥಳವಿರುತ್ತದೆ. ಪ್ರಿಫೋರ್ಕ್ ವಿಧಾನದಲ್ಲಿ ಪೂರ್ವನಿಗದಿತ ಮಿತಿ 256. ಅದನ್ನು ಹಾಗೆಯೇ ಬಿಟ್ಟರೆ ದಟ್ಟಣೆಯ ವೇಳೆ 6144 ಮೆಗಾಬೈಟ್ ಬೇಕಾಗುತ್ತದೆ. ಆದುದರಿಂದ ‘ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್’ ಮಿತಿಯನ್ನು ಲೆಕ್ಕ ಮಾಡಿಯೇ ನಿಗದಿಪಡಿಸುವುದು. 2012ರ 2.4 ಆವೃತ್ತಿಗೆ ಮೊದಲು ಈ ಸೂಚನೆಗೆ ‘ಮ್ಯಾಕ್ಸ್‌ಕ್ಲೈಂಟ್ಸ್’ ಎಂಬ ಹೆಸರಿತ್ತು.

3. ಸಂಪರ್ಕ ಕಾಯ್ದಿರಿಸುವ ಅವಧಿ

ಪುಟ ನೀಡಿದ ನಂತರವೂ ಸರ್ವರ್ ಮುಂದಿನ ಕೋರಿಕೆಗಾಗಿ ಕೆಲಕಾಲ ಸಂಪರ್ಕವನ್ನು ತೆರೆದಿಡುತ್ತದೆ. ಪ್ರಿಫೋರ್ಕ್ ವಿಧಾನದಲ್ಲಿ ಈ ಅವಧಿಯಲ್ಲಿ ಒಂದು ಪ್ರೊಸೆಸ್ ಸುಮ್ಮನೆ ಕಾಯುತ್ತಿರುತ್ತದೆ. ಅವಧಿ 15 ಸೆಕೆಂಡ್ ಇದ್ದಲ್ಲಿ ಮೇಲ್ಕಂಡ 128 ಪ್ರೊಸೆಸ್‌ಗಳು ಪ್ರತಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 8 ಹೊಸ ಸಂಪರ್ಕಗಳನ್ನು ನಿಭಾಯಿಸಬಲ್ಲವು. ಅವಧಿಯನ್ನು 2 ಸೆಕೆಂಡಿಗೆ ಇಳಿಸಿದಲ್ಲಿ ಈ ಗರಿಷ್ಠ ಮಿತಿ 64ಕ್ಕೆ ಏರುತ್ತದೆ. ಇದಕ್ಕೆ ಹೊಸ ಯಂತ್ರ ಖರೀದಿಸಬೇಕಿಲ್ಲ.

4. ತೆರೆದ ಕಡತಗಳ ಮಿತಿ

ಯುನಿಕ್ಸ್‌ನಲ್ಲಿ ಪ್ರತಿ ಪ್ರೊಸೆಸ್ ತೆರೆಯಬಹುದಾದ ಕಡತಗಳಿಗೆ ಮಿತಿಯಿದೆ. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ 1024 ಇರುತ್ತದೆ. ಪ್ರತಿ ತಾಣಕ್ಕೂ ಭೇಟಿಯ ದಾಖಲೆ ಮತ್ತು ದೋಷದ ದಾಖಲೆ ಎಂದು ಎರಡು ಕಡತಗಳನ್ನು ಇರಿಸಿದಲ್ಲಿ 500 ತಾಣಗಳಿಗೆ 1000 ಕಡತಗಳಾಗುತ್ತವೆ. ನೆಟ್‌ವರ್ಕ್ ಸಂಪರ್ಕಗಳೂ ಇದೇ ಮಿತಿಗೆ ಒಳಪಡುತ್ತವೆ. ಇದಕ್ಕೆ ಪರಿಹಾರವೆಂದರೆ ‘ಯುಲಿಮಿಟ್’ ಮೂಲಕ ಮಿತಿಯನ್ನು ಹೆಚ್ಚಿಸುವುದು, ಅಥವಾ ಎಲ್ಲ ತಾಣಗಳಿಗೂ ಒಂದೇ ಭೇಟಿ ದಾಖಲೆ ಇರಿಸಿ, ಪ್ರತಿ ಸಾಲಿನ ಮೊದಲಿಗೆ ತಾಣದ ಹೆಸರನ್ನು ಬರೆಯಿಸಿ ನಂತರ ವಿಂಗಡಿಸುವುದು. ದಾಖಲೆಗಳನ್ನು ಡಿಸ್ಕಿನ ಪ್ರತ್ಯೇಕ ವಿಭಾಗದಲ್ಲಿ ಇರಿಸಿ ಕಾಲಕಾಲಕ್ಕೆ ತೆರವುಗೊಳಿಸುವುದು ಅವಶ್ಯ.

5. ತಾಣಗಳ ಪ್ರತ್ಯೇಕತೆ

ಪ್ರತಿ ತಾಣಕ್ಕೂ ಪ್ರತ್ಯೇಕ ಯುನಿಕ್ಸ್ ಬಳಕೆದಾರ ಖಾತೆ ಮತ್ತು ಡಿಸ್ಕ್ ಮಿತಿ ಇರಬೇಕು. ಎಲ್ಲರಿಗೂ ಬರೆಯುವ ಅನುಮತಿ ನೀಡುವ 777 ಕ್ರಮವನ್ನು ಬಳಸಕೂಡದು. ಹಾಗೆ ಮಾಡಿದಲ್ಲಿ ಒಂದು ತಾಣಕ್ಕೆ ಅತಿಕ್ರಮವಾಗಿ ಪ್ರವೇಶಿಸಿದವರು ನೆರೆಯ ತಾಣದ ಪುಟಗಳನ್ನೂ ತಿದ್ದಬಹುದು.

6. ಅರ್ಜಿದಾರರು ನೀಡಬೇಕಾದ ವಿವರಗಳು

ಸ್ಥಳಾವಕಾಶ ಕೋರುವಾಗ ಕೆಳಕಂಡ ವಿವರಗಳನ್ನು ಸ್ಪಷ್ಟವಾಗಿ ನೀಡುವುದು ಸೂಕ್ತ:

ಅ) ತಾಣದ ಮುಖ್ಯ ಹೆಸರು ಮತ್ತು ಪರ್ಯಾಯ ಹೆಸರುಗಳು
ಆ) ಅಗತ್ಯವಿರುವ ಡಿಸ್ಕ್ ಸ್ಥಳ
ಇ) ಬಳಸುವ ತಂತ್ರಾಂಶ ಮತ್ತು ದತ್ತಸಂಚಯ
ಈ) ಅರ್ಜಿಗೆ ಕೊನೆಯ ದಿನ, ಫಲಿತಾಂಶ ಪ್ರಕಟಣೆ ಮುಂತಾದ ಹೆಚ್ಚಿನ ದಟ್ಟಣೆಯ ದಿನಾಂಕಗಳು

ಕೊನೆಯ ಅಂಶವನ್ನು ಮುಂಚಿತವಾಗಿ ತಿಳಿಸಿದಲ್ಲಿ ಎರಡು ತಾಣಗಳ ದಟ್ಟಣೆ ಒಂದೇ ದಿನ ಬಾರದಂತೆ ನೋಡಿಕೊಳ್ಳಬಹುದು, ಇಲ್ಲವೇ ಒಂದು ತಾಣವನ್ನು ಬೇರೆ ಸರ್ವರ್‌ಗೆ ವರ್ಗಾಯಿಸಬಹುದು.

ಸೂಚನೆ: ಸಂರಚನಾ ಕಡತದ ಒಂದು ತಪ್ಪಿನಿಂದ ಎಲ್ಲ ತಾಣಗಳೂ ಸ್ಥಗಿತಗೊಳ್ಳಬಹುದು. ಆದುದರಿಂದ ನಿರ್ವಾಹಕರು ಪ್ರತಿ ಬದಲಾವಣೆಯ ನಂತರ ‘ಕಾನ್ಫಿಗ್‌ಟೆಸ್ಟ್’ ಮೂಲಕ ಪರಿಶೀಲಿಸಿ, ಚಾಲ್ತಿಯಲ್ಲಿರುವ ಕೋರಿಕೆಗಳನ್ನು ಕಡಿತಗೊಳಿಸದ ‘ಗ್ರೇಸ್‌ಫುಲ್’ ಕ್ರಮದಲ್ಲಿ ಸರ್ವರನ್ನು ಪುನರಾರಂಭಿಸತಕ್ಕದ್ದು. ಸಾರ್ವಜನಿಕರು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ಮುದ್ರಿಸಿ ಇಟ್ಟುಕೊಳ್ಳಲು ಕೋರಲಾಗಿದೆ.