ಕಂಠದ ಕಾಣದ ಗಂಟು

ಹಲಗೂರಿನ ಸೀಮೆಯಲ್ಲಿ ರಾಗಿಯ ಮುದ್ದೆಯನ್ನು ಅಗಿದು ತಿನ್ನುವ ವಾಡಿಕೆಯಿಲ್ಲ. ತುತ್ತನ್ನು ಮುರಿದು, ಸಾರಿನಲ್ಲಿ ಅದ್ದಿ, ಹಾಗೆಯೇ ನುಂಗುವುದು ಮಳವಳ್ಳಿ, ಮದ್ದೂರು, ಮಂಡ್ಯಗಳ ರೈತಾಪಿ ಮನೆಗಳ ರೂಢಿ. ಇಂತಹ ಮುದ್ದೆಯೇ ಸಲೀಸಾಗಿ ಇಳಿಯುವ ಗಂಟಲಿನಲ್ಲಿ, ಊಟ ಮುಗಿದು ಬರಿಯ ಉಗುಳನ್ನು ನುಂಗುವಾಗ ಏನೋ ಒಂದು ಗಂಟು ಸಿಕ್ಕಿಕೊಂಡಂತೆ ಕೆಲವರಿಗೆ ತೋರುವುದುಂಟು. ಅದು ಕೆಮ್ಮಿದರೆ ಹೊರಬಾರದು. ನೀರು ಕುಡಿದರೆ ಒಳಗಿಳಿಯದು. ವೈದ್ಯರು ಬಾಯಿ ತೆರೆಯಿಸಿ ನೋಡಿದರೆ ಕಣ್ಣಿಗೆ ಬೀಳದು. ತಿಂಗಳುಗಟ್ಟಲೆ ಕಾಡುವ ಈ ಬಾಧೆಯ ಚರಿತ್ರೆಯು ಬಹು ಪುರಾತನವಾದುದು. ರೋಗಿಗಳ ಮಾತನ್ನು, ವಿಶೇಷವಾಗಿ ಸ್ತ್ರೀಯರ ಮಾತನ್ನು, ವೈದ್ಯಲೋಕವು ಹೇಗೆ ಕೇಳಿತು ಎಂಬ ಸಂಗತಿಯೂ ಅದರಲ್ಲಿ ಅಡಗಿದೆ.

ಮನಸ್ಸಿಗೂ ಕಂಠಕ್ಕೂ ಇರುವ ನಂಟನ್ನು ಕನ್ನಡಿಗರು ಹಿಂದಿನಿಂದಲೂ ಬಲ್ಲರು. ದುಃಖವು ಉಕ್ಕಿದಾಗ ಕೊರಳು ಬಿಗಿಯಿತು, ಗಂಟಲ ಸೆರೆ ಉಬ್ಬಿತು ಎನ್ನುವರು. ನುಂಗಲೂ ಆರದ, ಉಗುಳಲೂ ಆರದ ಸಂಕಟವನ್ನು ಬಾಯೊಳಗಿನ ಬಿಸಿತುಪ್ಪಕ್ಕೆ ಹೋಲಿಸುವರು. ಲೋಕದ ನಂಜನ್ನು ಕೊರಳಿನಲ್ಲಿಯೇ ತಡೆದು ನಿಲ್ಲಿಸಿದ ಶಿವನನ್ನು ನಂಜನಗೂಡಿನಲ್ಲಿ ನಂಜುಂಡನೆಂದು ಪೂಜಿಸುವರು. ಆದರೆ ದುಃಖದ ಬಿಗಿತವು ಅತ್ತು ಮುಗಿದ ಮೇಲೆ ಸಡಿಲುವುದು. ಇಲ್ಲಿ ಹೇಳುತ್ತಿರುವ ಗಂಟು ಹಾಗೆ ಸಡಿಲದು.

ಭಾರತದ ಪ್ರಾಚೀನ ವೈದ್ಯರಲ್ಲಿ ಸುಶ್ರುತನು ಬಾಯಿಯ ರೋಗಗಳನ್ನು 65 ಎಂದು ಎಣಿಸಿ, ಅವುಗಳಲ್ಲಿ 17ನ್ನು ಕಂಠಕ್ಕೆ ಸೇರಿಸಿದ್ದಾನೆ. ಅವುಗಳಲ್ಲಿ ಗಿಲಾಯುವೆಂಬುದೊಂದು. ನೆಲ್ಲಿಯ ಬೀಜದಷ್ಟಿರುವ, ಕದಲದ, ಅಲ್ಪವಾಗಿ ನೋಯುವ ಗ್ರಂಥಿಯದು. ತಿಂದ ಅನ್ನವು ಅಂಟಿಕೊಂಡು ನಿಂತಂತೆ ರೋಗಿಗೆ ತೋರುತ್ತದೆ. ಇದು ಶಸ್ತ್ರದಿಂದ ಸಾಧ್ಯವಾದುದು ಎಂದು ಅವನ ಮತ. ಸುಶ್ರುತನು ಹೇಳಿದುದು ಕಾಣುವ ಗಂಟನ್ನು. ಚೀನಾ ದೇಶದಲ್ಲಿ ಕ್ರಿಸ್ತಶಕ 3ನೆಯ ಶತಮಾನದ ಆದಿಭಾಗದ ವೈದ್ಯನಾದ ಚಾಂಗ್ ಚುಂಗ್‌ಚಿಂಗನಾದರೋ, ಗಂಟಲಿನಲ್ಲಿ ಸುಟ್ಟ ಮಾಂಸದ ತುಂಡೊಂದು ಸಿಕ್ಕಿಕೊಂಡಂತೆ ಸ್ತ್ರೀಯರಿಗೆ ಆಗುವ ಬಾಧೆಯನ್ನು ಹೇಳಿ, ಅದಕ್ಕೆ ಕಷಾಯವನ್ನು ವಿಧಿಸಿದನು. ಆ ದೇಶದವರು ಮುಂದೆ ಇದಕ್ಕೆ ಒಂದು ಹಣ್ಣಿನ ಓಟೆಯ ಹೆಸರನ್ನು ಕೊಟ್ಟರು. ಒಬ್ಬನು ನೆಲ್ಲಿಯ ಬೀಜವನ್ನೂ ಮತ್ತೊಂದು ನಾಡಿನವರು ಓಟೆಯನ್ನೂ ನೆನೆದುದು ಗಮನಿಸತಕ್ಕ ವಿಷಯ.

ಗ್ರೀಸಿನಲ್ಲಿ ವಿಚಾರವು ಬೇರೆ ದಾರಿಯನ್ನು ಹಿಡಿಯಿತು. ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದು ಬಂದಿರುವ ಗ್ರಂಥಗಳಲ್ಲಿ, ಸ್ತ್ರೀಯರ ಗರ್ಭಕೋಶವು ತನ್ನ ಸ್ಥಾನವನ್ನು ಬಿಟ್ಟು ಮೇಲಕ್ಕೆ ಸಂಚರಿಸಿ ಉಸಿರನ್ನು ಕಟ್ಟಿಸುತ್ತದೆಂಬ ಭಾವನೆಯಿದೆ. ಗರ್ಭಕೋಶಕ್ಕೆ ಗ್ರೀಕರ ಮಾತು ಹಿಸ್ಟೆರಾ. ಹಿಸ್ಟೀರಿಯಾ ಎಂಬ ಹೆಸರು ಹುಟ್ಟಿದುದು ಇದರಿಂದಲೇ. 1707ರಲ್ಲಿ ಇಂಗ್ಲೆಂಡಿನ ಜಾನ್ ಪರ್ಸೆಲ್ ಎಂಬ ವೈದ್ಯನು ಕಂಠದ ಬಾಧೆಯನ್ನು ಚೆನ್ನಾಗಿ ವರ್ಣಿಸಿ, ಕೊರಳಿನ ಸ್ನಾಯುಗಳು ಬಿಗಿದು ಒಳಗಿನ ಮೃದ್ವಸ್ಥಿಯನ್ನು ಒತ್ತುವುದೇ ಕಾರಣವೆಂದನು. ಊಹೆಯು ದೇಹದ ಕಡೆಗೆ ತಿರುಗಿದರೂ ಹೆಸರು ಮಾತ್ರ ಹಳೆಯದಾಗಿಯೇ ಉಳಿಯಿತು. ಗ್ಲೋಬಸ್ ಹಿಸ್ಟೆರಿಕಸ್, ಎಂದರೆ ಹಿಸ್ಟೀರಿಯಾದ ಉಂಡೆ, ಎಂದು ಇದನ್ನು ಕರೆದರು. ಗಂಟಲನ್ನು ತೋರಿಸಲು ಬಂದ ಹೆಂಗಸಿಗೆ ಹೆಸರಿನಲ್ಲಿಯೇ ತೀರ್ಪು ಸಿದ್ಧವಾಗಿತ್ತು.

ಕಂಠದ ಒಳಗನ್ನು ಕಣ್ಣಿನಿಂದ ಕಾಣುವ ಉಪಾಯವು ದೊರೆತುದು ಒಬ್ಬ ಸಂಗೀತದ ಗುರುವಿನಿಂದ. ಸ್ಪೇನ್ ದೇಶದ ಮನೆತನದ ಮಾನ್ಯುಯೆಲ್ ಗಾರ್ಸಿಯನು 1854ರಲ್ಲಿ ಚಿಕ್ಕ ಕನ್ನಡಿಯನ್ನು ಬಾಯೊಳಗಿಟ್ಟು, ಸೂರ್ಯನ ಬೆಳಕನ್ನು ಹಾಯಿಸಿ, ತನ್ನ ಧ್ವನಿಪೆಟ್ಟಿಗೆಯನ್ನು ತಾನೇ ನೋಡಿಕೊಂಡನು. 1868ರಲ್ಲಿ ಜರ್ಮನಿಯ ಕುಸ್‌ಮೌಲನು ಕತ್ತಿ ನುಂಗುವ ಆಟಗಾರನೊಬ್ಬನ ನೆರವಿನಿಂದ ನಳಿಗೆಯನ್ನು ಅನ್ನನಾಳಕ್ಕೆ ಇಳಿಸಿ ನೋಡಿದನು. 1895ರಲ್ಲಿ ರಂಟ್‌ಜೆನನು ಕ್ಷಕಿರಣವನ್ನು ಕಂಡುಹಿಡಿದನು. ಅದೇ ವರ್ಷ ಬ್ರಾಯರ್ ಮತ್ತು ಫ್ರಾಯ್ಡರು ಹಿಸ್ಟೀರಿಯಾವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹೀಗೆ ದೇಹದ ಒಳಗನ್ನೂ ಮನಸ್ಸಿನ ಒಳಗನ್ನೂ ಶೋಧಿಸುವ ಎರಡು ಮಾರ್ಗಗಳು ಒಂದೇ ವರ್ಷದಲ್ಲಿ ತೆರೆದುವು. ಯಂತ್ರಕ್ಕೆ ಏನೂ ಕಾಣದಿದ್ದರೆ ಬಾಧೆಯು ಮನಸ್ಸಿನ ಭ್ರಮೆಯೆಂದು ತಳ್ಳಿಬಿಡುವ ಪ್ರವೃತ್ತಿಯು ಆಮೇಲೂ ಬಹುಕಾಲ ನಿಂತಿತು.

1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯನು ಹಿಸ್ಟೀರಿಯಾದ ಹೆಸರು ಈ ರೋಗಿಗಳಿಗೆ ಸಲ್ಲದೆಂದು ಕಂಡು, ಗ್ಲೋಬಸ್ ಫ್ಯಾರಿಂಜಿಯಸ್, ಎಂದರೆ ಗಂಟಲಿನ ಉಂಡೆ, ಎಂಬ ಹೆಸರನ್ನು ಮುಂದಿಟ್ಟನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಹಿಸ್ಟೀರಿಯಾ ಎಂಬ ಹೆಸರನ್ನೇ ತನ್ನ ರೋಗಪಟ್ಟಿಯಿಂದ ಕೈಬಿಟ್ಟಿತು. 1982ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆರೋಗ್ಯವಂತರೆಂದು ಕಂಡವರಲ್ಲಿಯೇ ನೂರಕ್ಕೆ ಸುಮಾರು 46 ಮಂದಿ ಒಮ್ಮೆಯಾದರೂ ಈ ಗಂಟನ್ನು ಅನುಭವಿಸಿದ್ದರು. ಗಂಡಸರಿಗೂ ಇದು ತಪ್ಪಿದುದಲ್ಲ. ವೈದ್ಯರ ಬಳಿಗೆ ಹೋಗುವವರಲ್ಲಿ ಹೆಂಗಸರು ಹೆಚ್ಚು.

ಅನ್ನನಾಳದ ಬಾಯಿಯನ್ನು ಕಾಯುವ ಸ್ನಾಯುವಿನ ಬಿಗಿತ, ಜಠರದ ಆಮ್ಲವು ಮೇಲಕ್ಕೆ ಉಕ್ಕುವುದು, ನಾಲಗೆಯ ಬುಡದ ಗ್ರಂಥಿಗಳ ಊತ, ಚಿಂತೆ, ಇವೆಲ್ಲವೂ ಈ ಅನುಭವವನ್ನು ಹುಟ್ಟಿಸಬಲ್ಲುವೆಂದು ವೈದ್ಯರು ಎಣಿಸುತ್ತಾರೆ. ಗಂಟನ್ನು ಕಳೆಯಬೇಕೆಂದು ಮೇಲಿಂದ ಮೇಲೆ ಉಗುಳು ನುಂಗುವುದರಿಂದ ಬಾಧೆಯು ಬಲಿಯುತ್ತದೆ; ಊಟಕ್ಕೆ ಕುಳಿತರೆ ಕಡಮೆಯಾಗುತ್ತದೆ. ಪರೀಕ್ಷಿಸಿದ ವೈದ್ಯರು ಕೊಡುವ ಧೈರ್ಯದ ಮಾತು ಇದಕ್ಕೆ ಮೊದಲನೆಯ ಔಷಧ.

ಆದರೆ ಪರೀಕ್ಷೆಯಿಲ್ಲದ ಧೈರ್ಯವು ಕೇಡಿಗೆ ದಾರಿ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕುವ, ಬೀಡಿ ಸೇದುವ ಅಭ್ಯಾಸವುಳ್ಳವರಲ್ಲಿ ಗಂಟಲಿನ ಅರ್ಬುದರೋಗದ ಭಯವು ನಿಜವಾದುದು. ಈ ಸೀಮೆಯ ಮನೆಗಳವರು ನೋಡಿಕೊಳ್ಳಬೇಕಾದ ಗುರುತು ಊಟದ ತಟ್ಟೆಯಲ್ಲಿಯೇ ಇದೆ. ಮುದ್ದೆ ಸರಾಗವಾಗಿ ಇಳಿದು, ಬರಿಯ ಉಗುಳಿಗೆ ಮಾತ್ರ ತಡೆ ತೋರಿದರೆ ಅದು ಬಹುಮಟ್ಟಿಗೆ ಕಾಣದ ಗಂಟು. ಮುದ್ದೆ ನುಂಗುತ್ತಿದ್ದವರು ಅನ್ನಕ್ಕೂ, ಅನ್ನದಿಂದ ಗಂಜಿಗೂ ಇಳಿದರೆ, ದನಿ ಒಡೆದು ಮೂರು ವಾರವಾದರೂ ತಿಳಿಯಾಗದಿದ್ದರೆ, ಮೈ ಇಳಿದರೆ, ಉಗುಳಿನಲ್ಲಿ ರಕ್ತ ಕಂಡರೆ, ನುಂಗುವಾಗ ನೋವಾದರೆ, ಕೊರಳಿನ ಹೊರಗೆ ಗಡ್ಡೆ ಕೈಗೆ ಸಿಕ್ಕಿದರೆ ತಡಮಾಡಲಾಗದು. 2005ರ ಸುಮಾರಿಗೆ ಮಂಡ್ಯದಲ್ಲಿಯೇ ವೈದ್ಯವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ಅರ್ಬುದರೋಗಿಗಳ ಶುಶ್ರೂಷೆ ನಡೆಸುತ್ತ ಬಂದಿದೆ.

ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸುವುದೂ, ಎಲ್ಲವೂ ಮನಸ್ಸಿನ ಭ್ರಮೆಯೆಂದು ಸೊಸೆಯನ್ನು ಗದರುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಆಕೆಯ ಮಾತನ್ನು ಯಾರೂ ಕೇಳಿದಂತಾಗಲಿಲ್ಲ. ಗಂಟು ಕಾಣದಿರಬಹುದು; ಗಂಟಿನ ಅನುಭವವು ಸುಳ್ಳಲ್ಲ. ವೈದ್ಯಲೋಕವು ಇಷ್ಟನ್ನು ಒಪ್ಪಿಕೊಳ್ಳಲು ಸಾವಿರಾರು ವರ್ಷಗಳು ಹಿಡಿದುವು. ಮನೆಯವರು ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಗಿಲ್ಲ.