ಕಾಕನಕೋಟೆಗೆ ಬಂದ ನೆಂಟರು

ಏಪ್ರಿಲ್ ಹೊತ್ತಿಗೆ ಕಬಿನಿಯ ಹಿನ್ನೀರು ಇಳಿಯುತ್ತದೆ. ನೀರು ಹಿಂದೆ ಸರಿದಷ್ಟೂ ಕೆಸರು ನೆಲ ತೆರೆದುಕೊಂಡು ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಬಿಸಿಲಿಗೆ ಬೋಳಾಗಿ ನಿಂತಾಗ ಹಸಿರು ಉಳಿಯುವುದು ಇಲ್ಲಿ ಮಾತ್ರ. ನಾಗರಹೊಳೆ, ಬಂಡೀಪುರ, ಕೇರಳದ ವಯನಾಡು, ಮೂರೂ ಕಡೆಯ ಆನೆಗಳು ಮರಿಗಳನ್ನು ಕರೆದುಕೊಂಡು ಈ ಹುಲ್ಲಿಗೆ ಇಳಿದು ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಕಡಿಮೆ. ದೋಣಿಯಲ್ಲಿ ಕುಳಿತ ಪ್ರವಾಸಿಗರು ಕ್ಯಾಮೆರಾ ಎತ್ತಿ ಹಿಡಿದು ಉಸಿರು ಬಿಗಿಹಿಡಿದಿರುತ್ತಾರೆ.

ಅವರು ಕುಳಿತ ದೋಣಿಯ ಕೆಳಗೆ, ನೀರಿನ ತಳದಲ್ಲಿ, ಹಳೆಯ ಕಾಕನಕೋಟೆಯ ಖೆಡ್ಡಾ ನೆಲವಿದೆ. ಅವರ ಅಜ್ಜ ಮುತ್ತಜ್ಜರ ಕಾಲದಲ್ಲೂ ಇಲ್ಲಿಗೆ ದೂರದೂರದಿಂದ ನೆಂಟರು ಬರುತ್ತಿದ್ದರು. ಅವರೂ ಆನೆ ನೋಡಲೆಂದೇ ಬರುತ್ತಿದ್ದರು. ವ್ಯತ್ಯಾಸ ಇಷ್ಟೆ, ಅವರು ನೋಡುತ್ತಿದ್ದದ್ದು ಆನೆ ಹಿಡಿಯುವುದನ್ನು.

ಈ ಕಾಡಿನಲ್ಲಿ ಆನೆ ಹಿಡಿಯಲು ಮೊದಲು ಕೈಹಾಕಿದವನು ಹೈದರ್ ಅಲಿ ಎಂಬ ಮಾತಿದೆ. ಹಿಂಡುಗಟ್ಟಲೆ ಹಿಡಿಯಲು ಹೋಗಿ ಸೋತ ಆತ, ಇನ್ನು ಮುಂದೆ ಯಾರಿಂದಲೂ ಇದು ಆಗದು, ಯತ್ನಿಸಿದವನಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದ್ದನಂತೆ. ಇದನ್ನು ಬರೆದಿಟ್ಟವನು ಜಿ.ಪಿ. ಸ್ಯಾಂಡರ್ಸನ್. ಮೈಸೂರಿಗೆ ಬಂದು ಕನ್ನಡ ಕಲಿತು, ನೀರಾವರಿ ಇಲಾಖೆಯಲ್ಲಿ ಕಾಲುವೆ ನೋಡಿಕೊಂಡಿದ್ದ ಈ ಇಂಗ್ಲಿಷ್ ಅಧಿಕಾರಿಗೆ ಆನೆಯ ಹುಚ್ಚು. 1874ರಲ್ಲಿ ಚಾಮರಾಜನಗರದ ಬಳಿ ಒಂದೇ ಬಾರಿಗೆ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ತೋರಿಸಿದ. ಅಲ್ಲಿಂದ ಖೆಡ್ಡಾ ಮೈಸೂರು ಸಂಸ್ಥಾನದ ಕಸುಬಾಯಿತು, ನಂತರ ಅದರ ವೈಭವವೂ ಆಯಿತು. ಕಬಿನಿ ದಂಡೆಯ ಕಾಕನಕೋಟೆ ಅದರ ಮುಖ್ಯ ರಂಗಸ್ಥಳ.

ಖೆಡ್ಡಾ ಎಂದರೆ ಒಂದು ದಿನದ ಆಟವಲ್ಲ, ವಾರಗಟ್ಟಲೆ ನಡೆಯುವ ದುಡಿಮೆ. ಮೊದಲು ಹಿಂಡು ಎಲ್ಲಿದೆಯೆಂದು ಪತ್ತೆ ಮಾಡಬೇಕು. ಕಾಡಿನೊಳಗೆ ದೊಡ್ಡ ಬಳಸಿನಲ್ಲಿ ಜನ ಕಾವಲು ನಿಂತು, ರಾತ್ರಿ ಬೆಂಕಿ ಹಾಕಿ, ತಮಟೆ ಬಡಿದು, ಬಿದಿರು ತಟ್ಟಿ, ಹಿಂಡು ಹೊರಗೆ ನುಸುಳದಂತೆ ತಡೆಯಬೇಕು. ಆಮೇಲೆ ಬಳಸನ್ನು ದಿನದಿನಕ್ಕೂ ಬಿಗಿಮಾಡುತ್ತ ಹಿಂಡನ್ನು ಹೊಳೆಯತ್ತ ಅಟ್ಟಬೇಕು. ಪಳಗಿದ ಆನೆಗಳ ಸಾಲೊಂದು ಹಿಂದಿನಿಂದ ಒತ್ತಿಕೊಂಡು ಬರುವಾಗ ಕಾಡಾನೆಗಳು ನೀರಿಗಿಳಿದು, ಈಜಿ, ಎದುರು ದಡ ಹತ್ತುತ್ತವೆ. ಅಲ್ಲಿ ದಪ್ಪ ಮರದ ದಿಮ್ಮಿಗಳನ್ನು ನೆಟ್ಟು ಕಟ್ಟಿದ ಆವರಣ ಕಾದಿರುತ್ತದೆ. ಕೊನೆಯ ಆನೆ ಒಳಹೊಕ್ಕ ಕ್ಷಣ ಹಗ್ಗ ಕಡಿದು ಬಾಗಿಲು ಬೀಳಿಸುತ್ತಾರೆ. ಇನ್ನು ಉಳಿದದ್ದು ಕುಮ್ಕಿ ಎನ್ನುವ ಪಳಗಿದ ಆನೆಗಳ ಕೆಲಸ. ಎರಡು ಕುಮ್ಕಿಗಳು ಕಾಡಾನೆಯನ್ನು ಅಕ್ಕಪಕ್ಕದಿಂದ ಒತ್ತಿ ಹಿಡಿದಾಗ, ಅವುಗಳ ಕಾಲಸಂದಿಯಲ್ಲಿ ಒಬ್ಬ ಕೆಳಗಿಳಿದು ಹಿಂಗಾಲಿಗೆ ಹಗ್ಗ ಬಿಗಿಯುತ್ತಾನೆ. ಆ ಒಬ್ಬನ ಜೀವ ಕುಮ್ಕಿಯ ಶಿಸ್ತಿನ ಮೇಲೆ ನಿಂತಿರುತ್ತಿತ್ತು.

ಇದನ್ನೆಲ್ಲ ಅಟ್ಟಣೆಯ ಮೇಲೆ ಕುಳಿತು ನೋಡಲು ಅತಿಥಿಗಳು ಬರುತ್ತಿದ್ದರು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆಗಲಿದ್ದ ವೇಲ್ಸ್ ರಾಜಕುಮಾರ ಬಂದ. 1922ರಲ್ಲಿ ಅವನ ಮಗ ಎಡ್ವರ್ಡ್ ಹತ್ತಿರದ ಕಾರಾಪುರಕ್ಕೆ ಬಂದ. ಇಂಥವರು ಬರುತ್ತಾರೆಂದರೆ ಕಾಡಿಗೆ ರಸ್ತೆ ಬೇಕು, ಡೇರೆಗಳ ಊರು ಬೇಕು, ಅಡುಗೆಯವರು, ಆಳುಗಳು, ಕುದುರೆ, ಮೋಟಾರು ಎಲ್ಲ ಬೇಕು. ಮಹಾರಾಜರ ಬೇಟೆ ಬಂಗಲೆ, ವೈಸ್‌ರಾಯ್ ಬಂಗಲೆ ಎಂದು ಹೆಸರಾದ ಕಟ್ಟಡಗಳು ಕಾರಾಪುರದಲ್ಲಿ ಎದ್ದವು. ಇಂದು ‘ಆತಿಥ್ಯ ನಿರ್ವಹಣೆ’ ಎಂದು ಕಾಲೇಜಿನಲ್ಲಿ ಕಲಿಸುವ ಶಾಸ್ತ್ರವನ್ನು ಮೈಸೂರಿನ ಅರಮನೆ ನೂರು ವರ್ಷದ ಹಿಂದೆಯೇ ಕಾಡಿನ ನಡುವೆ ನಡೆಸಿಬಿಟ್ಟಿತ್ತು. ಖರ್ಚು ಸಂಸ್ಥಾನದ್ದು, ಹೆಸರು ಮಹಾರಾಜರದ್ದು, ಮೈಕೈ ಮುರಿದುಕೊಳ್ಳುವ ಪಾಲು ಜೇನು ಕುರುಬರದ್ದು, ಕಾಡು ಕುರುಬರದ್ದು ಮತ್ತು ಮಾವುತರದ್ದು.

ಆ ಮಾವುತರ ಮನೆಯ ಒಬ್ಬ ಹುಡುಗನನ್ನು ಮಾತ್ರ ಜಗತ್ತು ಹೆಸರು ಹಿಡಿದು ಕರೆಯಿತು. 1930ರ ದಶಕದ ನಡುವಿನಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಸಾಕ್ಷ್ಯಚಿತ್ರ ನಿರ್ದೇಶಕ, ಕಿಪ್ಲಿಂಗನ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದ. ನಾಯಕನ ಪಾತ್ರಕ್ಕೆ ಸಿಕ್ಕವನು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ತಂದೆಯನ್ನು ಕಳೆದುಕೊಂಡು ಅರಮನೆಯ ಆನೆಲಾಯದ ಆಶ್ರಯದಲ್ಲಿದ್ದ ಸಾಬು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಸಾಬು ಲಂಡನ್ನಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ. ಹೆಗ್ಗಡದೇವನಕೋಟೆ ಸೀಮೆಯ ಕಾಡನ್ನು ಲೋಕಕ್ಕೆ ತೋರಿಸಿದ ಮೊದಲ ಪ್ರಚಾರಕ ಅವನೇ ಎನ್ನಬೇಕು. ಇತ್ತ ಅದೇ ಸುಮಾರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ಕಾಡಿನ ಕುರುಬರ ಬದುಕನ್ನೇ ನೆಚ್ಚಿ ‘ಕಾಕನಕೋಟೆ’ ನಾಟಕ ಬರೆದರು. 1977ರಲ್ಲಿ ಅದನ್ನು ಸಿ.ಆರ್. ಸಿಂಹ ಸಿನಿಮಾ ಮಾಡಿದರು.

ಸ್ವಾತಂತ್ರ್ಯ ಬಂದ ಮೇಲೂ ಖೆಡ್ಡಾ ತಕ್ಷಣ ನಿಲ್ಲಲಿಲ್ಲ. 1968ರ ಖೆಡ್ಡಾದಲ್ಲಿ ಸಿಕ್ಕ ಒಂದು ಮರಿಗೆ ಅರ್ಜುನ ಎಂದು ಹೆಸರಿಟ್ಟರು. ಈ ಅರ್ಜುನನ ಕಥೆ ಮುಂದೆ ಬರುತ್ತದೆ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಅದರ ಬೆನ್ನಿಗೆ ಮೂರು ಸಂಗತಿಗಳು ಒಂದರ ಮೇಲೊಂದು ನಡೆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ದಾರಿಯನ್ನು ಮುಚ್ಚಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಬಂಡೀಪುರ ಮೊದಲ ಒಂಬತ್ತು ರಕ್ಷಿತ ತಾಣಗಳಲ್ಲಿ ಒಂದಾಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆ ಮುಗಿಯಿತು. ಅದರ ಹಿನ್ನೀರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು, ಬಿದಿರ ಮೆಳೆಗಳು, ಮಾಸ್ತಿಗುಡಿ, ಖೆಡ್ಡಾ ನಡೆಯುತ್ತಿದ್ದ ದಂಡೆ ಎಲ್ಲವೂ ಮುಳುಗಿದವು.

ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಅಣೆಕಟ್ಟೆ ಬೇಸಿಗೆಯಲ್ಲಿ ಆನೆಗಳಿಗೆ ಹುಲ್ಲುಗಾವಲನ್ನು ಕೊಟ್ಟಿತು. ಯಾರೂ ಯೋಜಿಸದ ಈ ಉಪಕಾರವೇ ಮುಂದಿನ ಪ್ರವಾಸೋದ್ಯಮಕ್ಕೆ ಬಂಡವಾಳ.

ಬೇಟೆ ನಿಂತು, ಖೆಡ್ಡಾ ಮುಳುಗಿ, ಕಾರಾಪುರದ ಬಂಗಲೆಗಳು ಪಾಳುಬೀಳುತ್ತಿದ್ದ ಹೊತ್ತಿನಲ್ಲಿ ಸರ್ಕಾರಕ್ಕೆ ಹೊಳೆದದ್ದು ನೇಪಾಳದ ಮಾದರಿ. ಅಲ್ಲಿನ ಚಿತ್ವಾನ್ ಕಾಡಿನಲ್ಲಿ ಟೈಗರ್ ಟಾಪ್ಸ್ ಎಂಬ ಸಂಸ್ಥೆ 1960ರ ದಶಕದಿಂದಲೂ ವಿದೇಶಿಯರಿಗೆ ಕಾಡು ತೋರಿಸುತ್ತಿತ್ತು. ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ 1980ರಲ್ಲಿ, ಆ ಸಂಸ್ಥೆಯೊಡನೆ ಸೇರಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಂಪನಿಯನ್ನು ಹುಟ್ಟುಹಾಕಿತು. 1984ರಲ್ಲಿ ಕಾರಾಪುರದ ಹಳೆಯ ಬೇಟೆ ಬಂಗಲೆಗಳಲ್ಲೇ ಕಬಿನಿ ರಿವರ್ ಲಾಡ್ಜ್ ಬಾಗಿಲು ತೆರೆಯಿತು. 1987ರಲ್ಲಿ ಟೈಗರ್ ಟಾಪ್ಸ್ ತನ್ನ ಪಾಲನ್ನು ಬಿಟ್ಟುಕೊಟ್ಟ ಮೇಲೆ ಇಡೀ ಕಂಪನಿ ಸರ್ಕಾರದ್ದಾಯಿತು.

ಲಾಡ್ಜಿಗೆ ಮೈಕಟ್ಟು ಕೊಟ್ಟವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯಾದಲ್ಲಿ ಹುಟ್ಟಿದವರು, ಸೈನ್ಯದಲ್ಲಿದ್ದವರು, ಹರೆಯದಲ್ಲಿ ಬೇಟೆಗಾರರು. ಬಂದೂಕು ಕೆಳಗಿಟ್ಟ ಮೇಲೆ ಅವರು ಕಾಡು ತೋರಿಸುವ ಕಸುಬಿಗೆ ಬಂದರು. ಬಂದವರೆಲ್ಲರಿಗೂ ಅವರು ‘ಪಾಪಾ’. 2010ರಲ್ಲಿ ತೊಂಬತ್ತನಾಲ್ಕರ ಇಳಿವಯಸ್ಸಿನಲ್ಲಿ ತೀರಿಕೊಳ್ಳುವ ತನಕವೂ ಕಾರಾಪುರವೇ ಅವರ ಮನೆ.

ಇಲ್ಲಿ ರೂಢಿಗೆ ತಂದ ಪದ್ಧತಿ ಸರಳ. ಕೋಣೆ, ಊಟ, ಜೀಪು, ದೋಣಿ ಎಲ್ಲ ಸೇರಿ ಒಂದೇ ಬಾಡಿಗೆ. ಬೆಳಗಿನ ಜಾವಕ್ಕೊಂದು, ಸಂಜೆಗೊಂದು ಸಫಾರಿ. ಜೀಪಿನಲ್ಲಿ ಚಾಲಕನ ಜೊತೆಗೆ ಕಾಡು ಓದಬಲ್ಲ ಒಬ್ಬ ನ್ಯಾಚುರಲಿಸ್ಟ್. ಹುಲಿ ಕಾಣದಿದ್ದರೂ ಮರದ ಮೇಲಿನ ಉಗುರಿನ ಗೀರನ್ನೋ, ಕಡವೆಯ ಎಚ್ಚರಿಕೆಯ ಕೂಗನ್ನೋ ಆತ ಓದಿ ಹೇಳುತ್ತಾನೆ. ಕತ್ತಲಾದ ಮೇಲೆ ಬೆಂಕಿಯ ಸುತ್ತ ಊಟ. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ದಾಂಡೇಲಿ, ಕಾರವಾರದ ದೇವಬಾಗ್‌ವರೆಗೆ ಈ ಮಾದರಿ ಹಬ್ಬಿತು. ‘ಸುಸ್ಥಿರ ಪ್ರವಾಸೋದ್ಯಮ’ ಎಂಬ ಪದ ಸರ್ಕಾರಿ ಕಡತಗಳಲ್ಲಿ ಓಡಾಡುವ ಮೊದಲೇ, ಇದ್ದ ಕಟ್ಟಡದಲ್ಲೇ, ಕಾಡಿನ ಅಂಚಿನಲ್ಲೇ, ಕಡಿಮೆ ಜನರನ್ನು ಇಟ್ಟುಕೊಂಡು ಹೆಚ್ಚು ಹಣ ಗಳಿಸಬಹುದೆಂದು ಕಬಿನಿ ತೋರಿಸಿತು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ ವರ್ಷಗಳಲ್ಲಿ ಕಾಡಿನೊಳಗಿನ ಹಾಡಿಗಳಿಂದ, ಎಂದರೆ ಆದಿವಾಸಿ ಊರುಗಳಿಂದ, ಜೇನು ಕುರುಬ, ಬೆಟ್ಟ ಕುರುಬ, ಯರವ ಕುಟುಂಬಗಳು ಹೊರಬೀಳುತ್ತಿದ್ದವು. ಕೆಲವರನ್ನು ಅಣೆಕಟ್ಟೆ ಎಬ್ಬಿಸಿತು, ಹಲವರನ್ನು ಅಭಯಾರಣ್ಯದ ಕಾನೂನು ಎಬ್ಬಿಸಿತು. ಖೆಡ್ಡಾದ ಕಾಲದಲ್ಲಿ ಹಿಂಡು ಎಲ್ಲಿದೆಯೆಂದು ಹೇಳಲು ಬೇಕಾಗಿದ್ದವರು ಈಗ ಸೌದೆ ಆರಿಸಿದರೂ ಅತಿಕ್ರಮಣಕಾರರು. ಅಂತರಸಂತೆಯ ರಸ್ತೆ ಬದಿಯ ಹಾಡಿಯಲ್ಲಿ ನಿಂತವರ ಮುಂದೆಯೇ ಪ್ರವಾಸಿಗರ ಜೀಪು ಕಾಡಿಗೆ ಹೋಗುತ್ತಿತ್ತು.

ಈ ಅಸಮಾಧಾನ ಬಯಲಿಗೆ ಬಿದ್ದದ್ದು ನಾಗರಹೊಳೆಯ ಮೂರ್ಕಲ್ಲಿನಲ್ಲಿ. 1990ರ ದಶಕದ ನಡುವಿನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ತಾಜ್ ಹೋಟೆಲ್ ಸಮೂಹಕ್ಕೆ ಗುತ್ತಿಗೆ ಕೊಟ್ಟು, ರಾಷ್ಟ್ರೀಯ ಉದ್ಯಾನದ ಒಳಗೇ ಐಷಾರಾಮಿ ಲಾಡ್ಜ್ ಕಟ್ಟಲು ಸರ್ಕಾರ ಒಪ್ಪಿತು. ನಮ್ಮನ್ನು ಹೊರಗೆ ಹಾಕಿ ಹೋಟೆಲನ್ನು ಒಳಗೆ ಬಿಡುವುದು ಯಾವ ನ್ಯಾಯ ಎಂದು ಆದಿವಾಸಿಗಳು ಬೀದಿಗಿಳಿದರು. ವಿಷಯ ಹೈಕೋರ್ಟಿಗೆ ಹೋಯಿತು. ಕೇಂದ್ರದ ಅನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಹೀಗೆ ಕೊಡುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು 1997ರಲ್ಲಿ ತೀರ್ಪು ಬಂತು, ಲಾಡ್ಜ್ ನಿಂತಿತು. ಹಾಡಿಗಳ ಜನ ಕೇಳಿದ್ದ ಪ್ರಶ್ನೆಗೆ ಮಾತ್ರ ಆ ತೀರ್ಪಿನಲ್ಲಿ ಉತ್ತರವಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬರುವವರೆಗೂ ಅದನ್ನು ಕಾನೂನಿನ ಭಾಷೆಯಲ್ಲಿ ಕೇಳಲು ಅವರಿಗೆ ಜಾಗವೇ ಇರಲಿಲ್ಲ.

ಕಾಡಿಗೆ ಎಷ್ಟು ನೆಂಟರು ಎಂಬ ಲೆಕ್ಕವೂ ಕೊನೆಗೆ ಕೋರ್ಟಿನ ಮೆಟ್ಟಿಲೇರಿತು. 2012ರ ಜುಲೈ 24ರಂದು ಸುಪ್ರೀಂ ಕೋರ್ಟ್ ದೇಶದ ಹುಲಿ ತಾಣಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನೇ ನಿಲ್ಲಿಸಿತು. ಅಕ್ಟೋಬರ್ 16ರಂದು ಹೊಸ ಮಾರ್ಗಸೂಚಿಗಳೊಡನೆ ತಡೆ ತೆರವಾಯಿತು. ಒಳಕಾಡಿನ ಶೇ. 20ಕ್ಕಿಂತ ಹೆಚ್ಚು ಜಾಗದಲ್ಲಿ ಸಫಾರಿ ಸಲ್ಲದು, ಅಲ್ಲಿ ಹೊಸ ಕಾಯಂ ಕಟ್ಟಡ ಏಳಕೂಡದು ಎಂಬುದು ಅದರ ಸಾರ. ಅದೇ ವರ್ಷ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಅದಕ್ಕೂ ಮೊದಲೇ, ಕಾಕನಕೋಟೆಯ ನಡುವೆ ಹಾದುಹೋಗುವ ಮೈಸೂರು–ಮಾನಂದವಾಡಿ ರಸ್ತೆಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುವ ಪದ್ಧತಿ ಬಂದಿತ್ತು.

ನಿಯಮ ಒಳಗಿನ ಕಾಡಿಗೆ, ಬೆಳೆದದ್ದು ಹೊರಗಿನ ಅಂಚು. ಹಿನ್ನೀರಿನ ದಂಡೆಯುದ್ದಕ್ಕೂ ಖಾಸಗಿ ರೆಸಾರ್ಟುಗಳು ಎದ್ದವು. ಕಬಿನಿಯ ಕರಿ ಚಿರತೆಯೊಂದು ಫೋಟೊಗಳಲ್ಲಿ, ಸಾಕ್ಷ್ಯಚಿತ್ರದಲ್ಲಿ ಲೋಕಪ್ರಸಿದ್ಧವಾದ ಮೇಲೆ ಅದೊಂದನ್ನೇ ನೋಡಲು ಬರುವವರ ಸಾಲು ಬೆಳೆಯಿತು. ಹಾಡಿಯ ಹುಡುಗರಿಗೆ ಜೀಪು ಓಡಿಸುವ, ಹಾಸಿಗೆ ಹಾಸುವ ಕೆಲಸ ಸಿಕ್ಕಿತು. ಅದೇ ಹಾಡಿಯ ಹಿರಿಯರಿಗೆ ಜೇನು ಕೀಳಲು ಹೋಗುವ ದಾರಿ ಮುಚ್ಚಿತ್ತು.

ಈಗ ಅರ್ಜುನನ ಮಾತು. ಪಳಗಿ ದೊಡ್ಡವನಾದ ಆತ ಕಾಕನಕೋಟೆ ರಸ್ತೆಯ ಬಳ್ಳೆ ಶಿಬಿರದಲ್ಲಿದ್ದ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ. ಉಳಿದ ದಿನಗಳಲ್ಲಿ ಕುಮ್ಕಿಯಾಗಿ, ತನ್ನನ್ನು ಹಿಡಿದ ಆನೆಗಳು ಮಾಡಿದ ಕೆಲಸವನ್ನೇ ಮಾಡಿದ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಒಂಟಿ ಸಲಗದ ದಾಳಿಗೆ ಸತ್ತ. ಬಳ್ಳೆಗೆ ತರಬೇಕೆಂದು ಜನ ಕೂಗಿದರು. ಮಣ್ಣು ಮಾಡಿದ್ದು ಸತ್ತ ಜಾಗದಲ್ಲೇ.

ಖೆಡ್ಡಾ ನಿಂತಿದೆ, ಆನೆ ಹಿಡಿಯುವುದು ನಿಂತಿಲ್ಲ. ಕಾಡಿನಂಚಿನ ಹೊಲ, ತೋಟಗಳಲ್ಲಿ ಪ್ರಾಣಿಗೂ ಮನುಷ್ಯನಿಗೂ ಜಟಾಪಟಿ ಬೆಳೆದಂತೆಲ್ಲ ಕುಮ್ಕಿಗಳಿಗೆ ಕರೆ ಹೆಚ್ಚಿದೆ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಸುತ್ತಿನ ಹಳ್ಳಿಗಳಲ್ಲಿ ರೈತರು ಹುಲಿ ಬಾಯಿಗೆ ಬಿದ್ದಾಗ, ಸಫಾರಿ ಗದ್ದಲವೇ ಹುಲಿಗಳನ್ನು ಹೊರಗಟ್ಟುತ್ತಿದೆ ಎಂದು ಹಳ್ಳಿಗರು ದೂರಿದರು. ಹಾಗೆಂದು ಸಾಬೀತಾಗಿರಲಿಲ್ಲ, ಆದರೆ ಸಿಟ್ಟು ನಿಜವಾಗಿತ್ತು. ನವೆಂಬರ್ ಮೊದಲ ವಾರ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ನಿಲ್ಲಿಸಿತು. ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದ ಸಿಬ್ಬಂದಿಯನ್ನು, ವಾಹನಗಳನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚುವಂತೆ ಆದೇಶವಾಯಿತು.