ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ ಆಡಳಿತ: ನೀರು ಮತ್ತು ಮಣ್ಣಿನಿಂದ ಕಲಿಯಬಹುದಾದ ಪಾಠಗಳು

ಪೀಠಿಕೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಪೋಷಕರು, ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿ ಸದಸ್ಯರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪರಿಸರ ವಿಜ್ಞಾನದ ಮೂರು ಪಾಠಗಳು ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ ಆಡಳಿತಕ್ಕೆ ಹೇಗೆ ಅನ್ವಯಿಸುತ್ತವೆ ಎಂಬುದನ್ನೂ, ಪೋಷಕರು ಅರ್ಜಿ ಸಲ್ಲಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

1. ಅಳತೆಯು ಕೊನೆಭಾಗದಲ್ಲಿರಬೇಕು

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಜಮೀನುಗಳಿಗೆ ನೀರೊದಗಿಸುತ್ತದೆ. ಬಿಟ್ಟ ನೀರಿನ ಲೆಕ್ಕ ಸರಿಯಿದ್ದರೂ ಸೋರಿಕೆ, ಹೂಳು ಹಾಗೂ ಮೇಲ್ಭಾಗದ ಅಧಿಕ ಬಳಕೆಯಿಂದ ಕೊನೆಭಾಗದ ಗದ್ದೆ ಒಣಗುವುದುಂಟು. ಇದು ಈ ಭಾಗದ ರೈತರಿಗೆ ಹೊಸ ಸಂಗತಿಯಲ್ಲ.

ಶಾಲೆಯಲ್ಲಿಯೂ ದಾಖಲಾತಿ ಸಂಖ್ಯೆ ಮತ್ತು ವಿತರಿಸಿದ ಸಾಧನಗಳ ಪಟ್ಟಿಯು ತೂಬಿನ ಬಳಿಯ ಲೆಕ್ಕವಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಮನೆಯಲ್ಲಿಯೇ ಉಳಿದಿರುವ ಮಗುವಿಗೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ನೀರುಗಂಟಿಯು ನಾಲೆಯ ಉದ್ದಕ್ಕೂ ನಡೆದು ಕೊನೆಯ ಗದ್ದೆಯನ್ನು ನೋಡುವಂತೆ, ಮುಖ್ಯಸ್ಥರು ಪರಿಶೀಲನೆಯನ್ನು ಅತ್ಯಂತ ದೂರದ, ಅತ್ಯಂತ ಕಡಿಮೆ ಮಾತನಾಡುವ ಮಗುವಿನಿಂದ ಆರಂಭಿಸುವುದು ಸೂಕ್ತ.

2. ಕೊರತೆಯಾದ ಅಂಶವನ್ನು ಗುರುತಿಸಬೇಕು

ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕಿಂತ ಅತಿ ಕಡಿಮೆಯಿರುವ ಪೋಷಕಾಂಶ. ಜರ್ಮನಿಯ ವಿಜ್ಞಾನಿ ಲೀಬಿಗ್ 19ನೆಯ ಶತಮಾನದಲ್ಲಿ ಪ್ರಚುರಪಡಿಸಿದ ಈ ನಿಯಮವು ಶಾಲೆಗೂ ಒಪ್ಪುತ್ತದೆ. ಶ್ರವಣ ಸಾಧನವಿದ್ದು ಅದರ ಬ್ಯಾಟರಿ ಮುಗಿದಿದ್ದರೆ, ಗಾಲಿಕುರ್ಚಿಯಿದ್ದು ಶೌಚಾಲಯಕ್ಕೆ ಇಳಿಜಾರು ದಾರಿಯಿಲ್ಲದಿದ್ದರೆ, ಉಳಿದ ಸೌಲಭ್ಯಗಳು ವ್ಯರ್ಥವಾಗುತ್ತವೆ. ಆದುದರಿಂದ ಪ್ರತಿ ಮಗುವಿಗೆ ಯಾವುದು ಕೊರತೆಯಾಗಿದೆ ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.

3. ಸಕಾಲದಲ್ಲಿ ದೊರೆಯಬೇಕು

ತೆನೆ ಕಟ್ಟುವ ಹಂತದಲ್ಲಿ ತಪ್ಪಿದ ನೀರನ್ನು ಕಟಾವಿನ ವೇಳೆಗೆ ಕೊಟ್ಟರೆ ಫಲವಿಲ್ಲ. ಶ್ರವಣದೋಷವನ್ನು ಶೈಶವದಲ್ಲಿಯೇ ಪತ್ತೆಹಚ್ಚಿದರೆ ಭಾಷಾ ಕಲಿಕೆಗೆ ಹೆಚ್ಚಿನ ಅನುಕೂಲವಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ವಾಕ್ ಮತ್ತು ಶ್ರವಣ ಸಮಸ್ಯೆಗಳಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಈ ಹೋಲಿಕೆಗೆ ಒಂದು ಮಿತಿಯುಂಟು. ಹಂಗಾಮು ಮುಗಿದ ಬೆಳೆಯನ್ನು ಕೈಬಿಡಬಹುದು, ಮಗುವನ್ನು ಕೈಬಿಡುವಂತಿಲ್ಲ. ತಡವಾಗಿ ಬಂದ ಮಗುವಿಗೂ ಶಾಲೆಯ ಬಾಗಿಲು ತೆರೆದಿರಬೇಕು.

ಕಾನೂನಿನ ಅವಕಾಶಗಳು

* ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಲಾಗಿದೆ. 1995ರ ಅಧಿನಿಯಮದಲ್ಲಿ 7 ಇದ್ದವು.
* ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.
* ಶಿಕ್ಷಣ ಹಕ್ಕು ಅಧಿನಿಯಮದ 2012ರ ತಿದ್ದುಪಡಿಯಂತೆ ಬಹುವಿಧ ಅಥವಾ ತೀವ್ರ ಅಂಗವಿಕಲತೆಯುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ಕೆ ಮಾಡಿಕೊಳ್ಳಬಹುದು.

ಪೋಷಕರು ಅನುಸರಿಸಬೇಕಾದ ಕ್ರಮ

1. ಅಂಗವಿಕಲತೆಯ ವಿಶಿಷ್ಟ ಗುರುತಿನ ಚೀಟಿಗೆ (ಯು.ಡಿ.ಐ.ಡಿ.) ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಿ, ವೈದ್ಯಕೀಯ ಪರೀಕ್ಷೆಗೆ ಮಗುವನ್ನು ಹಾಜರುಪಡಿಸುವುದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.
2. ಮಗುವಿಗೆ ಅಗತ್ಯವಿರುವ ನಿರ್ದಿಷ್ಟ ಸೌಲಭ್ಯವನ್ನು ನಮೂದಿಸಿ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ನೀಡಿ, ಸ್ವೀಕೃತಿ ಪಡೆಯುವುದು. "ಸಹಾಯ ಮಾಡಿ" ಎಂದಷ್ಟೇ ಬರೆಯುವ ಬದಲು "ಶೌಚಾಲಯಕ್ಕೆ ಇಳಿಜಾರು ದಾರಿ ಬೇಕು" ಎಂದು ಬರೆದಲ್ಲಿ ಕ್ರಮ ಕೈಗೊಳ್ಳಲು ಅನುಕೂಲ.
3. ಪರಿಹಾರ ದೊರೆಯದಿದ್ದಲ್ಲಿ ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಆ ನಂತರ 2016ರ ಅಧಿನಿಯಮದಡಿಯ ರಾಜ್ಯ ಆಯುಕ್ತರಿಗೆ ಸ್ವೀಕೃತಿಯ ಪ್ರತಿಯೊಂದಿಗೆ ದೂರು ಸಲ್ಲಿಸಬಹುದು.

ಸಾರ್ವಜನಿಕರು ಈ ಅವಕಾಶಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ. ನೆರೆಮನೆಯಲ್ಲಿ ಶಾಲೆಗೆ ಹೋಗದೆ ಉಳಿದ ಮಗುವಿದ್ದಲ್ಲಿ ಆ ಪೋಷಕರಿಗೂ ಈ ಮಾಹಿತಿಯನ್ನು ತಿಳಿಸುವುದು.